ಎಣ್ಣೆನೀರಿನ ಹೊತ್ತು: ಒಬ್ಬ ಬಾಣಂತಿಯ ಪ್ರಕರಣ

ಮೊದಲು ಫೋನ್ ಮಾಡಿದ್ದು ಬಾಣಂತಿಯಲ್ಲ, ಅವಳ ಅಮ್ಮ. "ಮಗು ಅತ್ರೆ ಇವಳೂ ಅಳ್ತಾಳೆ ಮೇಡಂ. ಮಗು ಸುಮ್ಮನಾದ್ರೂ ಇವಳು ಸುಮ್ಮನಾಗಲ್ಲ. ಐದು ವಾರ ಆಯ್ತು. ನಾವೂ ಹೆತ್ತಿಲ್ವಾ?" ಈ ಕೊನೆಯ ಮಾತನ್ನು ಎಷ್ಟು ಮನೆಗಳಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಲು ಕೋಪದಂತಿರುತ್ತದೆ. ಒಳಗೆ ಇರುವುದು ಬರೀ ಗಾಬರಿ.

ನಾನು ಆಪ್ತಸಮಾಲೋಚಕಿ. ಹೆರಿಗೆಯಾದ ಹೆಂಗಸರ ಜೊತೆ ಜಾಸ್ತಿ ಕೆಲಸ ಮಾಡುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಹೆಸರನ್ನೂ ಕೊಡುತ್ತಿಲ್ಲ. ಹಾಗೆ ನೋಡಿದರೆ ಆ ಮನೆಯಲ್ಲೂ ಆ ಮೂರು ತಿಂಗಳು ಅವಳಿಗೆ ಹೆಸರಿರಲಿಲ್ಲ. "ಬಾಣಂತಿಗೆ ಊಟ ಹಾಕು", "ಬಾಣಂತಿ ಮಲಗಿದಾಳೆ, ಬಾಗಿಲು ಎಳ್ಕೋ." ಅವಳ ದೂರುಗಳಲ್ಲಿ ಇದೂ ಒಂದಾಗಿತ್ತು.

ವಯಸ್ಸು 29. ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ, 26 ವಾರ ಹೆರಿಗೆ ರಜೆ. ತವರು ಅರಸೀಕೆರೆ ಕಡೆಯ ಹಳ್ಳಿ. ಮೊದಲ ಹೆರಿಗೆ. ಹದಿನೆಂಟು ಗಂಟೆ ನೋವು ತಿಂದು, ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಕೊನೆಗೆ ಸಿಸೇರಿಯನ್ ಮಾಡಿದ್ದರು. ಹೆಣ್ಣುಮಗು, 2.8 ಕೆಜಿ. ಗಂಡ ಶನಿವಾರ ರಾತ್ರಿ ಬಂದು ಭಾನುವಾರ ಸಂಜೆಯ ರೈಲಿಗೆ ಹೊರಡುತ್ತಿದ್ದರು.

ವಿಡಿಯೋ ಕರೆಯಲ್ಲಿ ಕಂಡಿದ್ದು ಕಿಟಕಿ ಮುಚ್ಚಿದ ಒಂದು ಕೋಣೆ. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಪಕ್ಕದಲ್ಲಿ ತೊಟ್ಟಿಲು. ಅವಳು ಹೇಳಿದ ಮೊದಲ ಪೂರ್ತಿ ವಾಕ್ಯ ಇದು: "ಧ್ಯಾನದಲ್ಲೂ ಫೇಲ್ ಆದೆ ಮೇಡಂ." ಗೆಳತಿಯೊಬ್ಬಳು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ದಿನಾ 20 ನಿಮಿಷ ಕಣ್ಣು ಮುಚ್ಚಿ ಉಸಿರು ನೋಡಬೇಕು. ಏಳನೇ ನಿಮಿಷಕ್ಕೆ ಮಗು ಅಳುತ್ತಿತ್ತು. ಇಲ್ಲವೇ ಇವಳೇ ನಿದ್ದೆ ಹೋಗುತ್ತಿದ್ದಳು. ಸಂಜೆಗೆ ಆ್ಯಪ್ "ಇವತ್ತು ಅಭ್ಯಾಸ ಮಾಡಿಲ್ಲ" ಎಂದು ನೆನಪಿಸುತ್ತಿತ್ತು. ಹಾಲು ಕುಡಿಸುವುದು ಸರಿಯಾಗುತ್ತಿಲ್ಲ, ಹೊಲಿಗೆ ಎಳೆಯುತ್ತದೆ, ಈಗ ಇದೊಂದು ಬಾಕಿ ಕೆಲಸ.

ಆ್ಯಪ್ ತೆಗೆದುಹಾಕಲು ಹೇಳಿದೆ. ಈ ಪ್ರಕರಣದಲ್ಲಿ ನಾನು ಕೊಟ್ಟ ಮೊದಲ ಸಲಹೆ ಅದೇ. ಅವಳು ತಕ್ಷಣ ಕೇಳಿದಳು, "ಹಾಗಾದ್ರೆ ಬೇರೆ ಯಾವುದು ಹಾಕ್ಲಿ?"

ಆಮೇಲೆ ಎಡಿನ್‌ಬರೋ ಪ್ರಶ್ನಾವಳಿ ಕೇಳಿದೆ. ಬಾಣಂತಿಯರ ಖಿನ್ನತೆಯನ್ನು ಗುರುತಿಸಲೆಂದೇ 1987ರಲ್ಲಿ ಮಾಡಿದ್ದು. ಹತ್ತು ಪ್ರಶ್ನೆ, ಒಟ್ಟು 30 ಅಂಕ, ಹಿಂದಿನ ಏಳು ದಿನ ಹೇಗಿತ್ತು ಅನ್ನುವ ವಿಚಾರ. ಕನ್ನಡದಲ್ಲೂ ಇದೆ. ಇದರಿಂದಲೇ ರೋಗ ಇದೆ ಎಂದು ಹೇಳಲಾಗದು, ಆದರೆ 13 ದಾಟಿದರೆ ವೈದ್ಯರು ನೋಡಲೇಬೇಕು ಎಂದು ನಾನು ಇಟ್ಟುಕೊಂಡಿದ್ದೇನೆ. ಇವಳದು 14. ಹತ್ತನೇ ಪ್ರಶ್ನೆ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಎಂಬುದು. ಅದಕ್ಕೆ "ಇಲ್ಲ" ಎಂದಳು. ಆ ಪ್ರಶ್ನೆಯನ್ನು ನಾನು ಅಮ್ಮ ಕೋಣೆಯಿಂದ ಹೊರಗೆ ಹೋದ ಮೇಲೆ ಇನ್ನೊಂದು ಸಲ ಕೇಳುತ್ತೇನೆ. ಆಗಲೂ ಇಲ್ಲ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೊಂದು ಹೇಳಿದಳು.

ಬಚ್ಚಲಲ್ಲಿ ಮಗುವಿಗೆ ನೀರು ಹಾಕುವಾಗ ಅದು ಕೈಜಾರಿ ಕಲ್ಲಿನ ಮೇಲೆ ಬಿದ್ದಂತೆ ಚಿತ್ರ ಬರುತ್ತದೆ. ದಿನಕ್ಕೆ ಹತ್ತಾರು ಸಲ. ಬಿದ್ದ ಸದ್ದು ಕೂಡ ಕೇಳಿದಂತಾಗುತ್ತದೆ. "ನಾನು ರಾಕ್ಷಸಿ ಇರ್ಬೇಕು ಅಲ್ವಾ?"

ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕು. ಇಂಥ ಬೇಡದ ಚಿತ್ರಗಳು ಹೊಸ ತಾಯಂದಿರಿಗೆ ಬರುವುದು ಬಹಳ ಸಾಮಾನ್ಯ, ಖಿನ್ನತೆ ಇಲ್ಲದವರಿಗೂ ಬರುತ್ತವೆ. ಹೇಳಿಕೊಳ್ಳುವವರು ಕಡಿಮೆ. ಚಿತ್ರ ಕಂಡು ಅವಳು ಬೆಚ್ಚಿ ಬೀಳುತ್ತಿದ್ದಳು, ಹೆದರಿ ಮಗುವನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದಳು. ಹಾಗೆ ಬೆಚ್ಚುವುದೇ ಇಲ್ಲಿ ಮುಖ್ಯವಾದ ಗುರುತು. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುವುದು ಬೇರೆಯದೇ. ಅದರಲ್ಲಿ ನಿದ್ದೆಯೇ ಬೇಡವಾಗುತ್ತದೆ, ಇಲ್ಲದ ದನಿ ಕೇಳುತ್ತದೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆಗಳು ಹುಟ್ಟುತ್ತವೆ, ಮಾತು ತಾಳ ತಪ್ಪುತ್ತದೆ. ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಅದಕ್ಕೆ ಉಸಿರು ನೋಡುತ್ತಾ ಕೂರುವುದಲ್ಲ, ಅದೇ ದಿನ ಆಸ್ಪತ್ರೆ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಇನ್ನು ಹೆರಿಗೆಯಾದ ಮೂರನೇ, ನಾಲ್ಕನೇ ದಿನದ ಅಳು ಬಹುಪಾಲು ತಾಯಂದಿರಿಗೆ ಬರುತ್ತದೆ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇವಳದು ಐದು ವಾರವಾದರೂ ಇಳಿದಿರಲಿಲ್ಲ. ನಮ್ಮ ದೇಶದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2017ರಲ್ಲಿ ಲೆಕ್ಕ ಮಾಡಿದಾಗ ನೂರಕ್ಕೆ ಸುಮಾರು 22 ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಕಂಡಿತ್ತು. "ನಾವೂ ಹೆತ್ತಿಲ್ವಾ" ಎಂದ ಅಮ್ಮನಿಗೆ ಈ ಸಂಖ್ಯೆ ಹೇಳಿದೆ. ಆ ತಾಯಿ ಒಂದು ನಿಮಿಷ ಬಿಟ್ಟು, "ನಮ್ಮ ಅತ್ತಿಗೆ ಒಬ್ಳು ಹಂಗೇ ಇದ್ಲು" ಎಂದರು.

ಮನೋವೈದ್ಯರ ಹತ್ತಿರ ಕಳಿಸುವುದು ಸುಲಭವಾಗಲಿಲ್ಲ. "ಊರಿಗೆ ಗೊತ್ತಾದ್ರೆ?" ಎಂಬ ಪ್ರಶ್ನೆಗೆ ಹೊಲಿಗೆ ತೋರಿಸಲು ಹಾಸನಕ್ಕೆ ಹೋಗುವ ದಿನವೇ ಅದನ್ನೂ ಮುಗಿಸಿಕೊಂಡು ಬರುವುದು ಎಂಬ ಉತ್ತರ ಹುಡುಕಿದೆವು. ವೈದ್ಯರು ರಕ್ತ ಪರೀಕ್ಷೆ ಬರೆದರು. ಥೈರಾಯಿಡ್ ಸರಿ ಇತ್ತು. ಹಿಮೋಗ್ಲೋಬಿನ್ 9.4. ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಇವಳು ಮಲಬದ್ಧತೆಗೆ ಹೆದರಿ ಬಿಟ್ಟಿದ್ದಳು. ಮಲಬದ್ಧತೆಗೆ ಕಾರಣ, ಬಾಣಂತಿ ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ ಎಂದು ಅಮ್ಮ ಲೋಟ ಎಣಿಸಿ ಕೊಡುತ್ತಿದ್ದದ್ದು. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ ನೋಡಿ. ಖಿನ್ನತೆಯ ಮಾತ್ರೆ ಬೇಕಾಗಬಹುದು, ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಎರಡು ವಾರ ನೋಡೋಣ ಎಂದರು ವೈದ್ಯರು.

ಮೊದಲ ವಾರ ನಾವು ಧ್ಯಾನದ ಮಾತೇ ಎತ್ತಲಿಲ್ಲ. ನಿದ್ದೆಯ ಲೆಕ್ಕ ಮಾಡಿದೆವು. ಎಳೆಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಅವಳು ಐದು ವಾರದಿಂದ ಮಲಗಿರಲಿಲ್ಲ. ನಿದ್ದೆಗೆಟ್ಟವಳಿಗೆ "ಈ ಕ್ಷಣದಲ್ಲಿ ಇರು" ಎಂದರೆ ಆ ಕ್ಷಣದಲ್ಲಿ ಅವಳಿಗೆ ಕಾಣುವುದು ನಿದ್ದೆ ಒಂದೇ. ಹಾಗಾಗಿ ರಾತ್ರಿ ಒಂಬತ್ತೂವರೆಗೆ ಹಾಲು ಕುಡಿಸಿ ಅವಳು ಮಲಗುವುದು, ಮಧ್ಯದ ಒಂದು ಸರದಿಯನ್ನು ಅಮ್ಮ ನೋಡಿಕೊಳ್ಳುವುದು, ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸುವುದು ಎಂದಾಯಿತು. ಅಜ್ಜಿಯ ಕಾಲದ ಒಳಲೆ ಅಟ್ಟದ ಮೇಲಿತ್ತು. ತೊಳೆದು, ಕುದಿಸಿ ತೆಗೆದುಕೊಂಡರು. ನಾಲ್ಕನೇ ರಾತ್ರಿ ಒಟ್ಟಿಗೆ ನಾಲ್ಕೂವರೆ ಗಂಟೆ ನಿದ್ದೆ ಬಂತು. ಮರುದಿನ ಕರೆಯಲ್ಲಿ ಅವಳ ದನಿಯೇ ಬೇರೆ ಇತ್ತು.

ಮುಂದಿನ ವಾರ ಮೈಂಡ್‌ಫುಲ್‌ನೆಸ್ ಅಭ್ಯಾಸಕ್ಕೆ, ಅಂದರೆ ಮೈಯಲ್ಲಿ ಮನಸ್ಸಿನಲ್ಲಿ ಆ ಹೊತ್ತು ಆಗುವುದನ್ನು ಸುಮ್ಮನೆ ಗಮನಿಸುವುದಕ್ಕೆ, ಬಂದೆವು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಮಲಗಿಕೊಂಡು, ಕಣ್ಣು ಮುಚ್ಚಿ, ಕಾಲಿನಿಂದ ತಲೆಯವರೆಗೆ ಮೈಯನ್ನು ಒಂದೊಂದಾಗಿ ಗಮನಿಸುವ ಮಾಮೂಲಿ ಕ್ರಮವನ್ನೇ ಹೇಳಿಕೊಟ್ಟೆ. ಹೊಟ್ಟೆಯ ಹತ್ತಿರ ಬರುತ್ತಿದ್ದಂತೆ ಅವಳು ಎದ್ದು ಕೂತಳು. ಉಸಿರು ಸಿಕ್ಕಿಹಾಕಿಕೊಂಡಿತ್ತು. ಆಪರೇಷನ್ ಕೋಣೆಯಲ್ಲಿ ಹೀಗೇ ಅಂಗಾತ ಮಲಗಿ, ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇಟ್ಟುಕೊಂಡು, ಸೊಂಟದ ಕೆಳಗೆ ಮೈಯೇ ಇಲ್ಲದಂತೆ ಇದ್ದದ್ದು ನೆನಪಾಯಿತಂತೆ. ಕಷ್ಟದ ಹೆರಿಗೆ ಕಂಡವರಿಗೆ ಉಸಿರಾಗಲಿ ಹೊಟ್ಟೆಯಾಗಲಿ ಯಾವಾಗಲೂ ನೆಮ್ಮದಿಯ ಜಾಗವಲ್ಲ. ನನಗೆ ಇದು ಗೊತ್ತಿತ್ತು. ಆದರೂ ಹೆರಿಗೆ ಹೇಗಾಯಿತು ಎಂದು ಸರಿಯಾಗಿ ಕೇಳುವ ಮೊದಲೇ ಶುರು ಮಾಡಿದ್ದೆ. ಕ್ಷಮೆ ಕೇಳಿದೆ. ಆ ಹದಿನೆಂಟು ಗಂಟೆಯ ಕಥೆಯನ್ನು ಅವಳು ಮೊದಲ ಬಾರಿಗೆ ಪೂರ್ತಿ ಹೇಳಿದ್ದು ಅವತ್ತೇ.

"ದಿನದಲ್ಲಿ ಯಾವ ಹೊತ್ತು ನಿಮ್ಮನ್ನು ಯಾರೂ ಏನೂ ಕೇಳಲ್ಲ?" ಎಂದೆ. ಯೋಚಿಸಿ ಹೇಳಿದಳು, "ಎಣ್ಣೆನೀರಿನ ಹೊತ್ತು."

ಹೊಲಿಗೆ ಒಣಗಿದ ಮೇಲೆ ವೈದ್ಯರನ್ನು ಕೇಳಿ ಎಣ್ಣೆನೀರು ಶುರು ಮಾಡಿದ್ದರು. ನೀರು ಹಾಕಲು ಕೇರಿಯ ಒಬ್ಬ ಅಜ್ಜಿ ಬರುತ್ತಿದ್ದರು. ಮೊದಲು ಹರಳೆಣ್ಣೆ ಹಚ್ಚಿ ಕೈಕಾಲು, ಬೆನ್ನು ತಿಕ್ಕುವುದು. ಆಮೇಲೆ ಬಚ್ಚಲ ಹಂಡೆಯಿಂದ ಚೊಂಬು ಚೊಂಬು ಬಿಸಿನೀರು. ಎಲ್ಲ ಸೇರಿ ಮುಕ್ಕಾಲು ಗಂಟೆ. ಮಗು ಆಗ ಅಮ್ಮನ ಹತ್ತಿರ. ಫೋನ್ ಬಚ್ಚಲಿಗೆ ಬರುವುದಿಲ್ಲ. ಆ್ಯಪ್ ಮಾಡಿದವರಿಗೆ ಇಂಥ ಮುಕ್ಕಾಲು ಗಂಟೆ ಕನಸಲ್ಲೂ ಸಿಗಲಿಕ್ಕಿಲ್ಲ. ಆದರೆ ಅವಳ ಮನಸ್ಸು ಅಲ್ಲಿರುತ್ತಿರಲಿಲ್ಲ. ಒಂದು ಕಿವಿ ಮಗುವಿನ ಅಳು ಕಾಯುತ್ತಿತ್ತು, ಕಣ್ಣ ಮುಂದೆ ಅದೇ ಬಚ್ಚಲ ಕಲ್ಲು.

ನಾವು ಇಟ್ಟುಕೊಂಡಿದ್ದು ಇಷ್ಟೇ. ಕಣ್ಣು ತೆರೆದೇ ಇರಲಿ. ಅಂಗಾಲನ್ನು ಕಲ್ಲಿನ ಮೇಲೆ ಊರಿ ಅದರ ಒರಟುತನ ನೋಡುವುದು. ಮೊದಲ ಮೂರು ಚೊಂಬು ನೀರು ಬೆನ್ನ ಮೇಲೆ ಎಲ್ಲಿ ಬಿತ್ತು, ಎಲ್ಲಿಗೆ ಇಳಿಯಿತು ಎಂದು ಹಿಂಬಾಲಿಸುವುದು. ನಾಲ್ಕನೇ ಚೊಂಬಿನಿಂದ ಮನಸ್ಸು ಎಲ್ಲಿಗೆ ಬೇಕಾದರೂ ಹೋಗಲಿ. ಮಗುವಿನ ಚಿತ್ರ ಬಂದರೆ ಓಡಿಸುವುದು ಬೇಡ, ವಾದ ಮಾಡುವುದೂ ಬೇಡ. "ಬಂತು" ಎಂದು ಮನಸ್ಸಿನಲ್ಲೇ ಹೇಳಿ, ಮತ್ತೆ ಅಂಗಾಲಿಗೆ ಬರುವುದು.

ನೀರು ಹಾಕುವ ಅಜ್ಜಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಮೂರನೇ ದಿನ ಅವರೇ ಹೆಗಲ ಮೇಲೆ ಒಂದು ಏಟು ಹಾಕಿದರಂತೆ. "ಹೆಗಲ್ಯಾಕೆ ಕಿವೀಗೆ ಅಂಟಿಸ್ಕೊಂಡಿದೀಯ ಕೂಸೇ? ಬಿಡತ್ಲಾಗೆ. ಗ್ಯಾನ ಎಲ್ಲಿ ಮಡಗಿದೀಯ?" ನಾನು ಇಷ್ಟು ವರ್ಷ ಮೈಂಡ್‌ಫುಲ್‌ನೆಸ್‌ಗೆ ಕನ್ನಡ ಹುಡುಕುತ್ತಾ ಸಾವಧಾನತೆ, ಪೂರ್ಣಪ್ರಜ್ಞೆ ಎಂದೆಲ್ಲ ಬರೆದು, ಯಾರ ಮುಖದಲ್ಲೂ ಅರ್ಥವಾದ ಗುರುತು ಕಾಣದೆ ಸುಮ್ಮನಾಗಿದ್ದೆ. ಅರಸೀಕೆರೆಯ ಬಚ್ಚಲಲ್ಲಿ ಆ ಪದ ಇತ್ತು. ಅವತ್ತಿನಿಂದ ನಾವಿಬ್ಬರೂ ಅದನ್ನು 'ಗ್ಯಾನ' ಎಂದೇ ಕರೆದೆವು.

ರಾತ್ರಿ ಹಾಲು ಕುಡಿಸುವಾಗ ಮಾಡಲು ಇನ್ನೂ ಒಂದನ್ನು ಸೇರಿಸಿದೆವು. ಮಗು ಬಾಯಿಟ್ಟ ಕೂಡಲೇ ಮೂರು ಜಾಗ ನೋಡಿಕೊಳ್ಳುವುದು: ದವಡೆ, ಹೆಗಲು, ಕಾಲ ಬೆರಳು. ಎಲ್ಲಿ ಬಿಗಿದಿದೆಯೋ ಅಲ್ಲಿ ಸಡಿಲ ಬಿಡುವುದು. ಅರ್ಧ ನಿಮಿಷದ ಕೆಲಸ. ಆಮೇಲೆ ಫೋನ್ ನೋಡಿದರೂ ಪರವಾಗಿಲ್ಲ ಎಂದಿದ್ದೆ. ಹಾಲು ಕುಡಿಸುವಾಗ ಮಗುವಿನ ಮುಖವನ್ನೇ ನೋಡುತ್ತಾ ಇರಬೇಕು ಎಂಬ ಉಪದೇಶ ನನಗೆ ಹಿಡಿಸುವುದಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಕೂತು ನೋಡಿದವರಿಗೆ ಗೊತ್ತು.

ಹೀಗೆ ಗಮನಿಸತೊಡಗಿದ ಮೇಲೆ ಅವಳಿಗೇ ಒಂದು ಸಂಗತಿ ಹೊಳೆಯಿತು. ಬಚ್ಚಲ ಚಿತ್ರ ಜಾಸ್ತಿ ಬರುತ್ತಿದ್ದದ್ದು ಸಂಜೆ ಐದರಿಂದ ಏಳರೊಳಗೆ. ಮಗು ನೋಡಲು ಜನ ಬರುವ ಹೊತ್ತು ಅದು. ಬಂದವರಲ್ಲಿ ಒಬ್ಬ ದೊಡ್ಡಮ್ಮ ಪ್ರತಿ ಸಲ ತೊಟ್ಟಿಲಲ್ಲಿ ಇಣುಕಿ "ಮಗು ಸೊರಗಿದೆ, ಹಾಲು ಸಾಲ್ತಿಲ್ಲ ಕಣೇ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ಹತ್ತು ನಿಮಿಷಕ್ಕೆ ಎದೆ ಬಿಗಿಯುತ್ತಿತ್ತು, ಆಮೇಲೆ ಚಿತ್ರ. ಮೊದಲು "ದಿನವಿಡೀ ಹೀಗೇ" ಎನ್ನುತ್ತಿದ್ದವಳು ಈಗ ಹೊತ್ತು, ಜಾಗ, ಕಾರಣ ಹೇಳುತ್ತಿದ್ದಳು. ಅಭ್ಯಾಸದಿಂದ ಅವಳಿಗೆ ಆದ ದೊಡ್ಡ ಉಪಕಾರ ಇದು ಎಂದು ನನ್ನ ಲೆಕ್ಕ. ಮನಸ್ಸು ಶಾಂತವಾಗುವುದೆಲ್ಲ ಆಮೇಲಿನ ಮಾತು.

ದೊಡ್ಡಮ್ಮನ ಬಾಯಿ ಮುಚ್ಚಿಸಿದ್ದು ಧ್ಯಾನವಲ್ಲ, ತಕ್ಕಡಿ. 42ನೇ ದಿನಕ್ಕೆ ಆಶಾ ಕಾರ್ಯಕರ್ತೆ ಬಂದು ತೂಗಿದಾಗ ಮಗು 3.8 ಕೆಜಿ. ಆರು ವಾರಕ್ಕೆ ಒಂದು ಕೆಜಿ. ಈ ವಯಸ್ಸಿನ ಮಗು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ, ಆರು ಸಲವಾದರೂ ಒದ್ದೆ ಮಾಡಿದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಅಮ್ಮ ಆ ತೂಕವನ್ನು ತಾಯಿ ಕಾರ್ಡಿನಿಂದ ನೋಡಿ ಕ್ಯಾಲೆಂಡರಿನ ಮೇಲೂ ಬರೆದರು. ಸಂಜೆಯ ಭೇಟಿಗಳನ್ನು ಬೆಳಗ್ಗೆಗೆ ಬದಲಿಸಿದ್ದೂ ಅಮ್ಮನೇ. ಸುಳ್ಳು ಹೇಳಿದರು, "ಡಾಕ್ಟ್ರು ಸಂಜೆ ಯಾರೂ ಬರಬಾರ್ದು ಅಂದಿದಾರೆ" ಅಂತ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ.

ಅಮ್ಮನ ಜೊತೆ ಒಂದಿಷ್ಟು ಚೌಕಾಸಿ ನಡೆಯಿತು. ಲೋಟ ಎಣಿಸುವುದು ನಿಂತು, ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಫ್ಲಾಸ್ಕಿನಲ್ಲಿ ಹಾಸಿಗೆ ಪಕ್ಕಕ್ಕೆ ಬಂತು. ಸಾಂಬ್ರಾಣಿ ಹೊಗೆ ತಾಯಿಯ ತಲೆಗೆ ಮಾತ್ರ, ಅದೂ ಬಾಗಿಲು ತೆರೆದು, ಮಗು ಬೇರೆ ಕೋಣೆಯಲ್ಲಿ. ಬೆಳಗ್ಗೆ ಹತ್ತು ನಿಮಿಷ ಸ್ಕಾರ್ಫ್ ಕಟ್ಟಿಕೊಂಡೇ ಜಗಲಿಯಲ್ಲಿ ಕೂರುವುದು. ಮೆಣಸಿನ ಸಾರು, ಬೆಳ್ಳುಳ್ಳಿ, ಲೇಹ್ಯಕ್ಕೆ ನನ್ನ ತಕರಾರು ಇರಲಿಲ್ಲ. ಬಾಣಂತನವನ್ನು ಪೂರ್ತಿ ಮೂಢನಂಬಿಕೆ ಎಂದು ತಳ್ಳುವವರನ್ನು ಕಂಡರೆ ನನಗೆ ಸಿಟ್ಟು. ಹೆತ್ತವಳನ್ನು ಮೂರು ತಿಂಗಳು ಒಲೆಯ ಹತ್ತಿರ ಬಿಡದ ಪದ್ಧತಿ ಎಷ್ಟು ದೇಶಗಳಲ್ಲಿದೆ ಹೇಳಿ.

ನಾವು ಶುರು ಮಾಡಿದ ನಾಲ್ಕನೇ ವಾರ ಎಲ್ಲ ಹಿಂದಕ್ಕೆ ಹೋಯಿತು. ಮಗುವಿಗೆ ಲಸಿಕೆ ಹಾಕಿಸಿದ ರಾತ್ರಿ ಜ್ವರ, ಎರಡು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇವಳ ಒಂದು ಎದೆಯಲ್ಲಿ ಹಾಲು ಕಟ್ಟಿಕೊಂಡು ಕಲ್ಲಾಯಿತು. ಅಳು ಮತ್ತೆ ಶುರು. ಭಾನುವಾರ ಗಂಡ ಕೇಳಿದರು, "ಮೈಂಡ್‌ಫುಲ್‌ನೆಸ್ ಮಾಡ್ತಿದ್ದೀಯಲ್ಲ, ಇನ್ನೂ ಯಾಕೆ ಅಳ್ತೀಯ?" ಅವರು ಕೆಟ್ಟ ಮನುಷ್ಯರಲ್ಲ. ವಾರವಾರ ರೈಲು ಹತ್ತಿ ಬರುವ ಮನುಷ್ಯ. ಆದರೆ ಆ ಮಾತಿನಿಂದ ಅವಳು ಮೂರು ದಿನ ಅಭ್ಯಾಸವನ್ನೇ ಬಿಟ್ಟಳು. ಫೇಲ್ ಆದೆ ಎಂಬ ಹಳೆಯ ಪಲ್ಲವಿ ಮತ್ತೆ.

ಮುಂದಿನ ಕರೆಗೆ ಅವರನ್ನೂ ಕೂರಿಸಿದೆ. ಈ ಅಭ್ಯಾಸ ಅಳು ನಿಲ್ಲಿಸುವ ಔಷಧಿಯಲ್ಲ, ನಿದ್ದೆಗೆ ಬದಲಿಯಲ್ಲ, ಇನ್ನೊಬ್ಬರ ಕೈಗಳಿಗೂ ಬದಲಿಯಲ್ಲ ಎಂದೆ. ಅಧ್ಯಯನಗಳು ಏನು ಹೇಳುತ್ತವೆ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್ ಜಿನ್ 1979ರಲ್ಲಿ ಶುರು ಮಾಡಿದ ಎಂಟು ವಾರದ ಮೈಂಡ್‌ಫುಲ್‌ನೆಸ್ ಕ್ರಮ ಬಹುಕಾಲದ ನೋವಿನಿಂದ ಬಳಲುವವರಿಗಾಗಿತ್ತು. ಅದನ್ನು ಬಸುರಿಯರಿಗೆ ಹೊಂದಿಸಿದವರು ನ್ಯಾನ್ಸಿ ಬಾರ್ಡಕಿ ಎಂಬ ಸೂಲಗಿತ್ತಿ, 1998ರಲ್ಲಿ. ಹಿಂದೆ ಖಿನ್ನತೆ ಬಂದಿದ್ದ 86 ಬಸುರಿಯರನ್ನು ಸೇರಿಸಿಕೊಂಡ ಒಂದು ಅಮೆರಿಕನ್ ಅಧ್ಯಯನ 2016ರಲ್ಲಿ ಬಂತು. ಅಭ್ಯಾಸ ಕಲಿತವರಲ್ಲಿ ಹೆರಿಗೆಯಾಗಿ ಆರು ತಿಂಗಳೊಳಗೆ ಖಿನ್ನತೆ ಮರಳಿದ್ದು ನೂರಕ್ಕೆ ಸುಮಾರು 18 ಜನರಿಗೆ, ಕಲಿಯದವರಲ್ಲಿ ಸುಮಾರು 50 ಜನರಿಗೆ. ಒಳ್ಳೆಯ ಫಲಿತಾಂಶವೇ. ಆದರೆ ಅವರೆಲ್ಲ ಹೆರಿಗೆಗೆ ಮುಂಚೆ ಕಲಿತವರು, ರಾತ್ರಿ ಮಲಗಲು ಆಗುತ್ತಿದ್ದವರು. ಈಗಾಗಲೇ ಹೆತ್ತು, ಎದೆ ಕಲ್ಲಾಗಿ, ಜ್ವರದ ಮಗು ಹಿಡಿದು ಕೂತವಳಿಗೆ ಆ ಲೆಕ್ಕವನ್ನು ಹಾಗೇ ಹೊರಿಸಲಾಗದು. ಗಂಡ ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ನಾನು ಏನ್ ಮಾಡ್ಲಿ?" ಎಂದರು. ಅವಳೇ ಉತ್ತರ ಕೊಟ್ಟಳು: "ಶನಿವಾರ ರಾತ್ರಿ ಮಗು ನಿಮ್ಮದು."

ವೈದ್ಯರು ಮತ್ತೆ ನೋಡಿದರು. ಅಂಕ 11ಕ್ಕೆ ಇಳಿದಿತ್ತು, ಹಾಲು ಕಟ್ಟಿದ್ದು ಬಿಸಿ ಬಟ್ಟೆಯ ಶಾಖ ಕೊಟ್ಟು, ಆ ಕಡೆಯಿಂದಲೇ ಮತ್ತೆ ಮತ್ತೆ ಕುಡಿಸಿ ಬಿಟ್ಟುಕೊಂಡಿತ್ತು. ಮಾತ್ರೆ ಈಗ ಬೇಡ, ಹೆಚ್ಚಾದರೆ ಕಾಯಬೇಡಿ ಎಂದರು. ಹೆಚ್ಚಾಗಿದ್ದರೆ ಮಾತ್ರೆಗೇ ನಾನೂ ಹೇಳುತ್ತಿದ್ದೆ. ನಾನು ಫೋನ್ ಎತ್ತದ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅನ್ನು ಅಮ್ಮನ ಫೋನಿನಲ್ಲೂ ಹಾಕಿಸಿದ್ದೆ. ಅದು ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಂದು ರಾತ್ರಿ ಅಮ್ಮನೇ ಅದಕ್ಕೆ ಕರೆ ಮಾಡಿದ್ದರಂತೆ, ಮಗಳಿಗಾಗಿ ಅಲ್ಲ, ತನಗಾಗಿ. ಎರಡು ತಿಂಗಳಿಂದ ಆ ತಾಯಿಗೂ ನಿದ್ದೆ ಇರಲಿಲ್ಲವಲ್ಲ. ಇದು ನನ್ನ ಟಿಪ್ಪಣಿಗಳಲ್ಲಿ ಎಲ್ಲೂ ಇರಲಿಲ್ಲ.

ಹೆರಿಗೆಯಾದ ಹನ್ನೆರಡನೇ ವಾರದಲ್ಲಿ ಅಂಕ 7. ಬಚ್ಚಲ ಚಿತ್ರ ಪೂರ್ತಿ ಹೋಗಿಲ್ಲ. ವಾರಕ್ಕೆ ಒಂದೋ ಎರಡೋ ಸಲ ಬರುತ್ತದೆ, ಬಂದರೆ "ಓ, ಬಂದ್ಯಾ" ಎನ್ನುತ್ತಾಳಂತೆ. ಹತ್ತನೇ ವಾರದಲ್ಲಿ ಮಗುವಿಗೆ ಅವಳೇ ಕೂತು ನೀರು ಹಾಕಿದ್ದಳು, ಅಜ್ಜಿ ಪಕ್ಕದಲ್ಲಿ ಕೈ ಚಾಚಿಕೊಂಡು ನಿಂತಿದ್ದರು.

ಹದಿನಾಲ್ಕನೇ ವಾರ ಬೆಂಗಳೂರಿಗೆ ವಾಪಸ್. ಅಲ್ಲಿ ಹಂಡೆ ಇಲ್ಲ, ಅಜ್ಜಿ ಇಲ್ಲ, ಮುಕ್ಕಾಲು ಗಂಟೆಯಂತೂ ಇಲ್ಲವೇ ಇಲ್ಲ. ನನಗೆ ಚಿಂತೆಯಿದ್ದದ್ದು ಇದರ ಬಗ್ಗೆಯೇ. ಕೇಳಿದಾಗ ಹೇಳಿದಳು, "ಗೀಸರ್ ನೀರು ಬಿಸಿ ಬರೋಕೆ ಎರಡು ನಿಮಿಷ ತಣ್ಣೀರು ಬಿಡ್ಬೇಕು ಮೇಡಂ. ಬಕೆಟ್ ತುಂಬೋವರೆಗೆ ಅಂಗಾಲು ಊರಿ ನಿಂತಿರ್ತೀನಿ. ಅಷ್ಟೇ ಈಗ." ಹೊರಗಿಂದ ಮಗು ಅತ್ತರೆ? "ಅಳುತ್ತೆ. ಅವರಿದಾರೆ."

ಮುಂದಿನ ಕರೆ ಆರು ವಾರ ಬಿಟ್ಟು. ಅಷ್ಟರಲ್ಲಿ ಹಿಮೋಗ್ಲೋಬಿನ್ ಇನ್ನೊಮ್ಮೆ ನೋಡಿಸಬೇಕು. ಕಬ್ಬಿಣದ ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿಯುವುದನ್ನು ಅವಳು ಇನ್ನೂ ಬಿಟ್ಟಿಲ್ಲ.